ಗಲ್ಲಾ ಎಣಿಸುವುದು ಅಂಗಡಿ ಮುಚ್ಚಿದ ಮೇಲೆ



ಅಕ್ಕಲಕೋಟೆ ಕಡೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ದೂರು ಚಿಕ್ಕದು, ಆದರೆ ಅದು ಅನೇಕ ಮನೆಗಳದು. ಚುನಾವಣೆ ಬಂತೆಂದರೆ ಅವರ ಮನೆಯಲ್ಲಿ ಟಿ.ವಿ. ಆರುವುದಿಲ್ಲವಂತೆ. ಮತದಾನ ಇನ್ನೂ ನಡೆದಿರುವಾಗಲೇ ಗೆದ್ದವರು ಯಾರು, ಸೋತವರು ಯಾರು ಎಂದು ಅಣ್ಣತಮ್ಮಂದಿರಲ್ಲಿ ವಾದ ಹತ್ತುತ್ತದಂತೆ. ನಮ್ಮ ದೇಶದ್ದು ಸಾಲದೆಂದು ಈಗ ಅಮೆರಿಕದ ಅಧ್ಯಕ್ಷರ ಚುನಾವಣೆಗೂ ಹುಡುಗರು ಪಂದ್ಯ ಕಟ್ಟತೊಡಗಿದ್ದಾರಂತೆ. "ನೀವು ಹಿರಿಯರು, ಇವರಿಗೆ ನಾಲ್ಕು ಬುದ್ಧಿಮಾತು ಹೇಳಿರಿ" ಎಂದು ಕೇಳಿದ್ದಾರೆ.

ಕಾಗದ ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಬುದ್ಧಿ ಹೇಳುವುದು ಸುಲಭ. ಆದರೆ ಈ ವಿಷಯದಲ್ಲಿ ನಮ್ಮ ತಲೆಯ ಮೇಲೆಯೇ ಒಂದು ಹಳೆಯ ಋಣವಿದೆ. ಮೊದಲು ಅದನ್ನು ಹೇಳಿಬಿಡುವುದು ಒಳ್ಳೆಯದು.

2004ರ ಮಾತು. ಆ ವರ್ಷ ನವೆಂಬರ್ 2, ಮಂಗಳವಾರ, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಒಂದು ಕಡೆ ಆಗ ಅಧಿಕಾರದಲ್ಲಿದ್ದ ಜಾರ್ಜ್ ಬುಷ್, ಇನ್ನೊಂದು ಕಡೆ ಸೆನೆಟರ್ ಜಾನ್ ಕೆರ್ರಿ. ಜತ್ತದ ಪೇಟೆಯಲ್ಲಿ ಕೂತ ನಮಗೆ ಅದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಗೊಡವೆ ಇತ್ತು. ನಮ್ಮ ಕಿರಿಯ ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣದಲ್ಲಿ ಬಹುಪಾಲನ್ನು ಸಾಫ್ಟ್‌ವೇರ್ ಕಂಪನಿಗಳ ಶೇರುಗಳಲ್ಲಿ ತೊಡಗಿಸಿದ್ದೆವು. ಕೆರ್ರಿಯವರಾದರೋ ಕೆಲಸಗಳನ್ನು ಹೊರದೇಶಗಳಿಗೆ ಸಾಗಿಸುವ ಕಂಪನಿಗಳ ವಿರುದ್ಧ ಪ್ರಚಾರದಲ್ಲಿ ಕಟುವಾಗಿ ಮಾತನಾಡಿದ್ದರು. ಅವರು ಗೆದ್ದರೆ ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿಗಳಿಗೆ ಪೆಟ್ಟು ಎಂದು ಪೇಟೆಯಲ್ಲಿ ಎಲ್ಲರೂ ಅನ್ನುತ್ತಿದ್ದರು.

ನಮ್ಮ ಅಣ್ಣನ ಮಗ ಆಗ ನ್ಯೂಜೆರ್ಸಿಯಲ್ಲಿ ನೌಕರಿಯಲ್ಲಿದ್ದ. ಬುಧವಾರ ನಸುಕಿನ ನಾಲ್ಕಕ್ಕೆ ಅವನ ಫೋನು ಬಂತು. ಅಲ್ಲಿ ಆಗಿನ್ನೂ ಮಂಗಳವಾರ ಸಂಜೆ ಐದೂವರೆ. "ಕಾಕಾ, ಕೆರ್ರಿ ಗೆದ್ದಾಂಗ. ಎಕ್ಸಿಟ್ ಪೋಲ್ ಬಂದೈತಿ. ಇಲ್ಲಿ ಆಫೀಸಿನಾಗ ಎಲ್ಲಾರೂ ಅದನ್ನ ಮಾತಾಡಾಕತ್ಯಾರ" ಅಂದ. ಮತ್ತೆ ನಿದ್ದೆ ಹತ್ತಲಿಲ್ಲ. ಪೇಟೆ ತೆರೆದ ಕೂಡಲೇ ಸೋಲಾಪುರದ ದಲಾಲರಿಗೆ ಫೋನು ಮಾಡಿ ಎಲ್ಲ ಶೇರು ಮಾರಿಸಿಬಿಡಬೇಕೆಂದು ನಿಶ್ಚಯಿಸಿದೆವು.

ನಮ್ಮ ತಂದೆಯವರು ಆಗ ಇದ್ದರು. ಸಾಮಾಯಿಕ ಮುಗಿಸಿ ಪಡಸಾಲೆಗೆ ಬಂದವರು ನಮ್ಮ ಚಡಪಡಿಕೆ ನೋಡಿ ಏನೆಂದು ಕೇಳಿದರು. ಹೇಳಿದೆವು.

"ಅಲ್ಲಿ ಮತಾ ಹಾಕೂದು ಮುಗದೈತೇನು?" ಎಂದರು.

"ಇಲ್ಲ ಅಪ್ಪಾ, ಇನ್ನೂ ನಡದೈತಿ."

"ಹಂಗಾದ್ರ ಗೆದ್ದಾಂವ ಯಾರು ಅಂತ ಹ್ಯಾಂಗ ಗೊತ್ತಾತು?"

"ಮತಾ ಹಾಕಿ ಹೊರಗ ಬಂದವರನ್ನ ಕೇಳ್ಯಾರಂತ."

ತಂದೆಯವರು ಸ್ವಲ್ಪ ಹೊತ್ತು ತಡೆದು, "ಹೇಳಿದವರ ಲೆಕ್ಕಾ ಸಿಕ್ಕೈತಿ. ಹೇಳದ ಹೋದವರ ಲೆಕ್ಕಾ ಎಲ್ಲೈತಿ?" ಎಂದರು. ಆಮೇಲೆ, "ಗಲ್ಲಾ ಎಣಸೂದು ಅಂಗಡಿ ಮುಚ್ಚಿದ ಮ್ಯಾಲ. ಮೊದಲ ಅಭಿಷೇಕಕ್ಕ ಹೋಗೂಣು ನಡಿ" ಎಂದು ಎದ್ದರು. ಅವರ ಮಾತು ಮೀರುವ ಧೈರ್ಯ ನಮಗಿರಲಿಲ್ಲ. ಬಸದಿಗೆ ಹೋದೆವು.

ತಪ್ಪು ನಡೆದದ್ದು ಅಲ್ಲಿಯೇ. ಅಭಿಷೇಕ ಮುಗಿದು ಕಟ್ಟೆಯ ಮೇಲೆ ಕುಳಿತಾಗ ನಮ್ಮ ನಾಲಗೆ ತಡೆಯಲಿಲ್ಲ. "ಅಮೆರಿಕಾದಿಂದ ಖುದ್ದ ಫೋನು ಬಂದಿತ್ತು, ಕೆರ್ರಿ ಗೆದ್ದಾನ" ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟೆವು. "ಗೆದ್ದಾಂಗ" ಎಂಬುದು ನಮ್ಮ ಬಾಯಲ್ಲಿ "ಗೆದ್ದಾನ" ಆಗಿತ್ತು. ಕೇಳಿದವರಲ್ಲಿ ನಮ್ಮ ಬಾಜು ಅಂಗಡಿಯ ಗೃಹಸ್ಥರೂ ಒಬ್ಬರು. ಅವರ ಹತ್ತಿರವೂ ಅಂಥವೇ ಶೇರುಗಳಿದ್ದವು.

ಹತ್ತು ಗಂಟೆಗೆ ಟಿ.ವಿ. ಹಚ್ಚಿದರೆ ಬುಷ್ ಮುಂದಿದ್ದರು. ಹನ್ನೊಂದೂವರೆ ಹೊತ್ತಿಗೆ ಒಹಾಯೊ ರಾಜ್ಯ ಬುಷ್ ಪಾಲಿಗೆ ಎಂದು ಅಲ್ಲಿನ ಒಂದೆರಡು ಚಾನೆಲ್ಲುಗಳು ಸಾರಿದ್ದವು. ನಾವು ಮಾರಲಿಲ್ಲ. ಮದುವೆಯ ಹಣ ಉಳಿಯಿತು. ಆದರೆ ಬಾಜು ಅಂಗಡಿಯವರು ನಮ್ಮ ಮಾತು ನಂಬಿ, ಪೇಟೆ ತೆರೆದ ಕೂಡಲೇ, ಟಿ.ವಿ. ಕೂಡ ನೋಡದೆ, ಸಿಕ್ಕ ಧಾರಣೆಗೆ ಎಲ್ಲವನ್ನೂ ಮಾರಿ ಮುಗಿಸಿದ್ದರು. ಆ ವರ್ಷದ ಕೊನೆಗೆ ಪೇಟೆ ಎಷ್ಟು ಏರಿತೆಂಬುದು ವ್ಯಾಪಾರಸ್ಥರಿಗೆ ನೆನಪಿದ್ದೀತು. ದೀಪಾವಳಿಗೆ ಇನ್ನು ಒಂಬತ್ತೇ ದಿನ ಉಳಿದಿದ್ದವು. ಹೊಸ ಖಾತೆ ಪೂಜೆಯ ದಿನ ಅವರ ಮುಖ ನೋಡುವುದು ನಮಗೆ ಕಷ್ಟವಾಯಿತು.

ಈಗ ಆ ದಿನ ಅಮೆರಿಕದಲ್ಲಿ ನಿಜವಾಗಿ ಏನಾಯಿತೆಂಬುದನ್ನು ನೋಡೋಣ.

ಎಕ್ಸಿಟ್ ಪೋಲ್ ಎಂದರೆ ಮತಗಟ್ಟೆಯ ಸಮೀಕ್ಷೆ. ಆಯ್ದ ಕೆಲವು ಮತಗಟ್ಟೆಗಳ ಹೊರಗೆ ಒಬ್ಬರು ನಿಂತಿರುತ್ತಾರೆ. ಮತ ಹಾಕಿ ಬರುವವರಲ್ಲಿ ಇಷ್ಟು ಜನರಿಗೊಬ್ಬರಂತೆ ತಡೆದು, ಒಂದು ಕಾಗದ ಕೊಟ್ಟು, ತುಂಬಿ ಡಬ್ಬಿಗೆ ಹಾಕಲು ಹೇಳುತ್ತಾರೆ. ಹೆಸರು ಕೇಳುವುದಿಲ್ಲ. ದಿನದಲ್ಲಿ ಕೆಲವು ಸಲ ಈ ಲೆಕ್ಕವನ್ನು ಫೋನಿನ ಮೂಲಕ ಕೇಂದ್ರಕ್ಕೆ ತಿಳಿಸುತ್ತಾರೆ. ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಮುಖ್ಯರು ವಾರನ್ ಮಿಟೋಫ್ಸ್ಕಿ. 1967ರಲ್ಲಿ ಕೆಂಟಕಿ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಅವರು ಸಿ.ಬಿ.ಎಸ್. ಸಂಸ್ಥೆಗಾಗಿ ಇದನ್ನು ಮಾಡಿದರು. 2004ರಲ್ಲಿಯೂ ಆರು ದೊಡ್ಡ ಸುದ್ದಿ ಸಂಸ್ಥೆಗಳ ಒಕ್ಕೂಟಕ್ಕೆ ಈ ಕೆಲಸ ಮಾಡಿಕೊಟ್ಟದ್ದು ಅವರ ಸಂಸ್ಥೆ ಮತ್ತು ಎಡಿಸನ್ ಎಂಬ ಇನ್ನೊಂದು ಸಂಸ್ಥೆ. ಒಟ್ಟು 1,480 ಮತಗಟ್ಟೆಗಳು, ಒಂದು ಲಕ್ಷಕ್ಕೂ ಹೆಚ್ಚು ಮತದಾರರು. ಕೆಲಸ ಚಿಕ್ಕದಲ್ಲ, ಮಾಡಿದವರು ಅರಿಯದವರೂ ಅಲ್ಲ.

ಮಧ್ಯಾಹ್ನದ ಲೆಕ್ಕ ಗುಟ್ಟಾಗಿರಬೇಕಾಗಿತ್ತು. ಅದು ಸೋರಿತು. ಕೆರ್ರಿ ಮುಂದಿದ್ದಾರೆಂಬ ಸುದ್ದಿ ಬಾಯಿಂದ ಬಾಯಿಗೆ ಹರಿಯಿತು. ಸಂಜೆಯ ಹೊತ್ತಿಗೆ ದೇಶದ ಒಟ್ಟು ಲೆಕ್ಕದಲ್ಲಿ ಅದು ಕೆರ್ರಿಗೆ ನೂರಕ್ಕೆ 51, ಬುಷ್‌ಗೆ 48 ಎಂದು ತೋರಿಸುತ್ತಿತ್ತು. ಕೆರ್ರಿಯವರ ಪಾಳೆಯದಲ್ಲಿ ಸಂಭ್ರಮ, ಬುಷ್‌ರವರ ಪಾಳೆಯದಲ್ಲಿ ಮೌನ. ಕೆರ್ರಿಯವರ ಸಲಹೆಗಾರರೊಬ್ಬರು ಅವರನ್ನು ಆಗಲೇ ಅಧ್ಯಕ್ಷರೆಂದು ಸಂಬೋಧಿಸಿದರೆಂಬುದು ಪ್ರಸಿದ್ಧವಾಗಿದೆ. ನ್ಯೂಯಾರ್ಕಿನ ಶೇರು ಪೇಟೆಯೂ ಸುಮ್ಮನಿರಲಿಲ್ಲ. ಹಗಲೆಲ್ಲ ಏರಿಕೆಯಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ ಕೊನೆಯ ಹೊತ್ತಿನಲ್ಲಿ ಜಾರಿತು. ಮರುದಿನ ನಿಜ ಫಲಿತಾಂಶ ಬಂದ ಮೇಲೆ ನೂರು ಅಂಶಕ್ಕೂ ಮಿಕ್ಕಿ ಏರಿತು. ಅಂದರೆ ಬಸದಿಯ ಕಟ್ಟೆಯ ಮೇಲೆ ನಾವು ಮಾಡಿದ ತಪ್ಪನ್ನೇ ಜಗತ್ತಿನ ದೊಡ್ಡ ಪೇಟೆಯ ದೊಡ್ಡ ವ್ಯಾಪಾರಿಗಳೂ ಮಾಡಿದ್ದರು. ಇದು ನಮಗೆ ಸಮಾಧಾನ ಕೊಡುವ ಮಾತಲ್ಲ.

ಕೊನೆಯ ಲೆಕ್ಕದಲ್ಲಿ ಬುಷ್‌ಗೆ ನೂರಕ್ಕೆ 50.7, ಕೆರ್ರಿಗೆ 48.3 ಮತ ಬಂದವು. ಅಲ್ಲಿನ ಪದ್ಧತಿಯಂತೆ ರಾಜ್ಯವಾರು ಎಣಿಸುವ ಚುನಾಯಕರ ಲೆಕ್ಕದಲ್ಲಿ 286ಕ್ಕೆ 251. ಇಡೀ ದೇಶದಲ್ಲಿ 12 ಕೋಟಿಗೂ ಹೆಚ್ಚು ಜನ ಮತ ಹಾಕಿದ್ದರು. ಕೀಲಿ ಇದ್ದದ್ದು ಒಹಾಯೊದಲ್ಲಿ. ಅಲ್ಲಿನ ಅಂತರ ಸುಮಾರು 1,18,000 ಮತಗಳು ಮಾತ್ರ.

ಹಾಗಾದರೆ ಸಮೀಕ್ಷೆ ಎಡವಿದ್ದೆಲ್ಲಿ? ಮಾಡಿದ ಸಂಸ್ಥೆಗಳೇ 2005ರ ಜನವರಿಯಲ್ಲಿ ತಮ್ಮ ತಪ್ಪಿನ ವಿಚಾರಣೆ ನಡೆಸಿ ವರದಿ ಹೊರತಂದವು. ವ್ಯಾಪಾರಿಗಳಾದ ನಾವು ಮೆಚ್ಚಬೇಕಾದ ಗುಣವಿದು. ಲುಕ್ಸಾನಾದಾಗ ಖಾತೆ ಮುಚ್ಚಿಡದೆ ಬಿಚ್ಚಿ ತೋರಿಸಿದರು. ಅವರು ಕಂಡ ಮುಖ್ಯ ಕಾರಣ ಇದು: ಬುಷ್‌ಗೆ ಮತ ಹಾಕಿದವರಿಗಿಂತ ಕೆರ್ರಿಗೆ ಮತ ಹಾಕಿದವರು ಕಾಗದ ತುಂಬಲು ಹೆಚ್ಚಾಗಿ ಒಪ್ಪಿದ್ದರು. ಕೇಳುವವರು ಚಿಕ್ಕ ವಯಸ್ಸಿನವರಾಗಿದ್ದಲ್ಲಿ, ಮತಗಟ್ಟೆಯಿಂದ ದೂರ ನಿಲ್ಲಬೇಕಾಗಿ ಬಂದಲ್ಲಿ, ತಪ್ಪು ಇನ್ನಷ್ಟು ಬೆಳೆದಿತ್ತು. ದಿನದ ಮೊದಲ ಲೆಕ್ಕಗಳಲ್ಲಿ ಹೆಂಗಸರ ಪಾಲು ಇರಬೇಕಾದದ್ದಕ್ಕಿಂತ ಹೆಚ್ಚಿತ್ತು ಎಂಬ ಮಾತೂ ಬಂತು.

ಈ ವರದಿಯ ಸುದ್ದಿ ಓದಿದ ದಿನ ನಾವು ತಂದೆಯವರಿಗೆ ಹೇಳಿದೆವು. ಅವರು ಆಶ್ಚರ್ಯಪಡಲಿಲ್ಲ. ಹೇಳದೆ ಹೋದವರ ಲೆಕ್ಕ ಎಲ್ಲಿದೆ ಎಂದು ಅವರು ಆ ನಸುಕಿನಲ್ಲಿಯೇ ಕೇಳಿದ್ದರಲ್ಲ! ಐವತ್ತು ವರ್ಷ ಅಂಗಡಿ ಗಾದಿಯ ಮೇಲೆ ಕುಳಿತವರಿಗೆ ಇದು ಹೊಸದೂ ಅಲ್ಲ. ಸಂತೆಯ ದಿನ ಬೆಳಿಗ್ಗೆ ಬರುವ ಗಿರಾಕಿ ಬೇರೆ, ಮಧ್ಯಾಹ್ನದ ಗಿರಾಕಿ ಬೇರೆ, ಮಾಲು ಮಾರಿ ಕೈಯಲ್ಲಿ ರೊಕ್ಕ ಹಿಡಿದು ದೀಪ ಹಚ್ಚುವ ಹೊತ್ತಿಗೆ ಬರುವ ರೈತ ಬೇರೆ. ನಿಂತು ನಕ್ಕು ಮಾತನಾಡುವ ಗಿರಾಕಿ ಕೊಳ್ಳುತ್ತಾನೆಂಬ ಭರವಸೆಯಿಲ್ಲ. ಮಾತೇ ಆಡದವನು ಇಡೀ ಮನೆಯ ಸಾಮಾನು ಕಟ್ಟಿಸಿಕೊಂಡು ಹೋಗುತ್ತಾನೆ. ಮಧ್ಯಾಹ್ನದ ಮಾತು ನೋಡಿ ಸಂಜೆಯ ಗಲ್ಲಾ ಹೇಳುವವನನ್ನು ನಾವು ವ್ಯಾಪಾರಿ ಎನ್ನುವುದಿಲ್ಲ.

ಅವಸರದ ಪೆಟ್ಟು ಹಣಕ್ಕಷ್ಟೇ ಬೀಳುವುದಿಲ್ಲ. 2000ದ ಚುನಾವಣೆಯ ರಾತ್ರಿ ಅಲ್ಲಿನ ಚಾನೆಲ್ಲುಗಳು ಫ್ಲೋರಿಡಾ ರಾಜ್ಯವನ್ನು ಮೊದಲು ಅಲ್ ಗೋರ್ ಅವರಿಗೆ ಕೊಟ್ಟವು. ಅದೂ ಆ ರಾಜ್ಯದ ಪಶ್ಚಿಮದ ಅಂಚಿನಲ್ಲಿ ಇನ್ನೂ ಮತದಾನ ನಡೆದಿರುವಾಗ. ಆಮೇಲೆ ಹಿಂದೆಗೆದುಕೊಂಡವು. ನಡುರಾತ್ರಿ ಕಳೆದ ಮೇಲೆ ಬುಷ್‌ಗೆ ಕೊಟ್ಟವು, ಅದನ್ನೂ ಹಿಂದೆಗೆದುಕೊಂಡವು. ಗೋರ್ ಅವರು ಸೋಲೊಪ್ಪಿ ಬುಷ್‌ಗೆ ಫೋನು ಮಾಡಿ, ಮತ್ತೆ ಇನ್ನೊಂದು ಫೋನು ಮಾಡಿ ಆ ಮಾತನ್ನು ಹಿಂದೆ ಪಡೆಯಬೇಕಾಯಿತು. ಕೊನೆಗೆ ಉಳಿದ ಅಂತರ 537 ಮತ, ಅದಕ್ಕೂ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರಬೇಕಾಯಿತು. 2004ರಲ್ಲಿ ಇನ್ನೊಂದು ಬಗೆ. ಸಂಜೆ ಗೆದ್ದೆವೆಂದು ಕುಣಿದವರಿಗೆ ಬೆಳಿಗ್ಗೆಯ ಸೋಲು ಸೋಲಾಗಿ ಕಾಣಲಿಲ್ಲ, ಮೋಸವಾಗಿ ಕಂಡಿತು. ಸಮೀಕ್ಷೆಯೇ ಸರಿ, ಎಣಿಕೆಯೇ ತಪ್ಪು ಎನ್ನುವವರು ಹುಟ್ಟಿಕೊಂಡರು. 2005ರ ಜನವರಿ 6ರಂದು ಅಲ್ಲಿನ ಸಂಸತ್ತಿನಲ್ಲಿ ಒಹಾಯೊದ ಚುನಾಯಕ ಮತಗಳಿಗೇ ಆಕ್ಷೇಪಣೆ ಎದ್ದು, ಚರ್ಚೆಯಾಗಿ, ಎರಡೂ ಸದನಗಳಲ್ಲಿ ತಿರಸ್ಕೃತವಾಯಿತು. ಕೆರ್ರಿಯವರು ಮಾತ್ರ ನವೆಂಬರ್ 3ರಂದೇ ಬುಷ್‌ಗೆ ಫೋನು ಮಾಡಿ, ಬಾಸ್ಟನ್ ನಗರದಲ್ಲಿ ಜನರ ಮುಂದೆ ನಿಂತು ಸೋಲನ್ನು ಒಪ್ಪಿಕೊಂಡಿದ್ದರು. ಸಂಜೆ ಅಧ್ಯಕ್ಷರೆನ್ನಿಸಿಕೊಂಡು ಬೆಳಿಗ್ಗೆ ಹಾಗೆ ನಿಲ್ಲುವುದು ಸಾಮಾನ್ಯ ಸಂಯಮವಲ್ಲ.

ಆ ಬಳಿಕ ಅವರೂ ಪಾಠ ಕಲಿತರು. 2006ರಿಂದ ಈ ಲೆಕ್ಕ ನೋಡುವ ಕೆಲವೇ ಜನರನ್ನು ಒಂದು ಕೋಣೆಯಲ್ಲಿ ಕೂಡಿಸಿ, ಫೋನು ತೆಗೆದಿರಿಸಿ, ಸಂಜೆ ಐದರ ತನಕ ಹೊರಗೆ ಸುಳಿವು ಹೋಗದಂತೆ ಮಾಡುವ ಏರ್ಪಾಡು ಬಂತು. ನಮ್ಮ ದೇಶದಲ್ಲಿಯಾದರೆ ಕಾಯಿದೆಯೇ ಇದೆ. ಪ್ರಜಾಪ್ರತಿನಿಧಿ ಕಾಯಿದೆಗೆ 2009ರಲ್ಲಿ ಸೇರಿಸಿದ 126ಎ ಕಲಮಿನ ಪ್ರಕಾರ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವ ತನಕ ಇಂಥ ಸಮೀಕ್ಷೆ ಪ್ರಕಟಿಸುವಂತಿಲ್ಲ. ತಪ್ಪಿದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ.

ಆದರೆ ಕಾಯಿದೆ ಪ್ರಕಟಣೆಯನ್ನು ತಡೆದೀತು, ನಮ್ಮ ಆಸೆಯನ್ನು ತಡೆದೀತೇ? 2024ರ ಜೂನ್ 1ರ ಸಂಜೆ ಲೋಕಸಭೆಯ ಸಮೀಕ್ಷೆಗಳು ಬಂದವು. ಸೋಮವಾರ, ಜೂನ್ 3ರಂದು ಸೆನ್ಸೆಕ್ಸ್ 2,507 ಅಂಶ ಜಿಗಿಯಿತು. ಮಂಗಳವಾರ ನಿಜವಾದ ಎಣಿಕೆ ನಡೆದಾಗ 4,389 ಅಂಶ ಕುಸಿಯಿತು. ಬುಧವಾರ ಮತ್ತೆ 2,300ಕ್ಕೂ ಹೆಚ್ಚು ಅಂಶ ಏರಿತು. ಸೋಮವಾರ ಆಸೆಯಿಂದ ಕೊಂಡವರು, ಮಂಗಳವಾರ ಭಯದಿಂದ ಮಾರಿದವರು, ಇಬ್ಬರೂ ಕೆಟ್ಟರು. ಸುಮ್ಮನೆ ಅಂಗಡಿಯ ಕೆಲಸ ನೋಡಿಕೊಂಡವರು ಉಳಿದರು. ಆ ವಾರ ಸಾಲ ತಂದು ವಾಯದ ವ್ಯವಹಾರ ಮಾಡಿ ಕೈ ಸುಟ್ಟುಕೊಂಡ ತರುಣರು ನಮ್ಮ ಸಮಾಜದಲ್ಲಿಯೂ ಇದ್ದಾರೆ. ಅವರ ತಾಯಂದಿರ ಕಣ್ಣೀರು ನಾವು ನೋಡಿದ್ದೇವೆ.

ಈಗ ಧರ್ಮದ ದೃಷ್ಟಿಯಿಂದ ಎರಡು ಮಾತು. ನಮ್ಮ ಆಚಾರ್ಯರು ಸ್ಯಾದ್ವಾದವನ್ನು ಬೋಧಿಸಿದರು. 'ಸ್ಯಾತ್' ಎಂದರೆ 'ಇದ್ದೀತು, ಇಲ್ಲದಿದ್ದೀತು' ಎಂಬ ಸಂಶಯವಲ್ಲ. ಒಂದು ಅಪೇಕ್ಷೆಯಿಂದ, ಒಂದು ನಿಲುವಿನಿಂದ ನೋಡಿದಾಗ ಇದು ಹೀಗಿದೆ ಎಂಬ ಖಚಿತ ಮಾತು ಅದು. ಮಿಟೋಫ್ಸ್ಕಿಯವರ ಲೆಕ್ಕವೂ ಅಂಥದೇ. 'ಈ ಹೊತ್ತಿನ ತನಕ ಹೊರಬಂದು, ಕಾಗದ ತುಂಬಲು ಒಪ್ಪಿದವರಲ್ಲಿ ಕೆರ್ರಿ ಮುಂದಿದ್ದಾರೆ.' ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಸೋರಿ ಹೊರಬಂದಾಗ 'ಈ ಹೊತ್ತಿನ ತನಕ' ಎಂಬುದು ಬಿದ್ದುಹೋಯಿತು. ನ್ಯೂಜೆರ್ಸಿಯ ಆಫೀಸಿನಲ್ಲಿ 'ಒಪ್ಪಿದವರಲ್ಲಿ' ಎಂಬುದು ಬಿದ್ದುಹೋಯಿತು. ಬಸದಿಯ ಕಟ್ಟೆಯ ಮೇಲೆ ನಮ್ಮ ಬಾಯಿಂದ 'ಮುಂದಿದ್ದಾರೆ' ಎಂಬುದೂ ಬಿದ್ದು 'ಗೆದ್ದಾನ' ಉಳಿಯಿತು. ಯಾರೂ ಬೇಕೆಂದು ಸುಳ್ಳಾಡಲಿಲ್ಲ. 'ಸ್ಯಾತ್' ಬಿಟ್ಟು ಆಡಿದೆವು, ಅಷ್ಟೇ. ಅಷ್ಟಕ್ಕೇ ಒಬ್ಬ ಗೃಹಸ್ಥನ ಹಣ ಹೋಯಿತು.

ಸತ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೇಳುವುದು ಮಿಥ್ಯೋಪದೇಶವನ್ನು. ಐದನೆಯದು ಸಾಕಾರಮಂತ್ರಭೇದ, ಅಂದರೆ ಇನ್ನೊಬ್ಬರ ಗುಟ್ಟನ್ನು ಅವರ ಮುಖಚಹರೆಯಿಂದಲೋ ಸನ್ನೆಯಿಂದಲೋ ಊಹಿಸಿ ಹೊರಗೆಡಹುವುದು. ಮತ ಎಂಬುದು ಗುಟ್ಟು. ಗುಟ್ಟನ್ನು ಅದರ ಹೊತ್ತು ಬರುವ ಮುಂಚೆ ಊಹಿಸಿ ಮಾರುವ ಈ ಆತುರವನ್ನು ಕಂಡಾಗ ನಮಗೆ ಆ ಐದನೆಯ ಅತಿಚಾರವೇ ನೆನಪಾಗುತ್ತದೆ. ವಿಕಥೆಗಳು ನಾಲ್ಕೆಂದು ಎಣಿಸಿದ ಹಿರಿಯರು ರಾಜಕಥೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ಅನರ್ಥದಂಡದಲ್ಲಿ ಬರುವ ಅಪಧ್ಯಾನವನ್ನು ವಿವರಿಸುವಾಗ, ಪರರ ಜಯ ಪರಾಜಯಗಳನ್ನು ಮನಸ್ಸಿನಲ್ಲಿ ಹೊಸೆಯುತ್ತ ಕೂರುವುದನ್ನೇ ಮೊದಲ ಉದಾಹರಣೆಯಾಗಿ ಕೊಟ್ಟಿದ್ದಾರೆ. ಇನ್ನು ಪಂದ್ಯದ ಮಾತು. ಸಪ್ತವ್ಯಸನಗಳ ಪಟ್ಟಿ ದ್ಯೂತದಿಂದಲೇ ಆರಂಭವಾಗುತ್ತದೆ. ಪಗಡೆಯ ಬದಲು ಮತಗಳನ್ನು ಇಟ್ಟು ಆಡಿದರೆ ಅದರ ಹೆಸರು ಬದಲಾಗುವುದಿಲ್ಲ.

ಹಾಗೆಂದು ಚುನಾವಣೆಗೆ ಬೆನ್ನು ತಿರುಗಿಸಿರಿ ಎಂದು ನಾವು ಹೇಳುತ್ತಿಲ್ಲ. ಮತ ಹಾಕುವುದು ಗೃಹಸ್ಥನ ಕರ್ತವ್ಯ. ದೂರದ ದೇಶದ ಚುನಾವಣೆಯೂ ನಮ್ಮ ಮಕ್ಕಳ ನೌಕರಿಗೆ, ನಮ್ಮ ಮಾಲಿನ ಧಾರಣೆಗೆ ತಟ್ಟುತ್ತದೆ, ತಿಳಿದುಕೊಳ್ಳಲೇಬೇಕು. ಆದರೆ ಮನೆಯಲ್ಲಿ ಮೂರು ನಿಯಮ ಇಟ್ಟುಕೊಳ್ಳಿರಿ. ಎಣಿಕೆ ಮುಗಿಯುವ ತನಕ ಆ ಸುದ್ದಿಯ ಮೇಲೆ ಕೊಡುವುದೂ ಬೇಡ, ಕೊಳ್ಳುವುದೂ ಬೇಡ. ಎರಡನೆಯದು, ಕೇಳಿದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವಾಗ ಯಾರು, ಯಾವಾಗ, ಎಷ್ಟು ಜನರನ್ನು ಕೇಳಿ ಹೇಳಿದ್ದು ಎಂಬುದನ್ನು ಬಿಡದೆ ಹೇಳಿರಿ. ಅದು ಗೊತ್ತಿಲ್ಲದಿದ್ದರೆ ಸುದ್ದಿಯನ್ನೇ ಹೇಳಬೇಡಿರಿ. ಮೂರನೆಯದು, ಹುಡುಗರ ಪಂದ್ಯ ಹತ್ತು ರೂಪಾಯಿಯದಿದ್ದರೂ ನಕ್ಕು ಬಿಡಬೇಡಿರಿ.

ಕೊನೆಗೆ ಆ ಋಣದ ಮಾತು. ಬಾಜು ಅಂಗಡಿಯವರು ನಮಗೆ ಒಂದು ದಿನವೂ ಬಿರುಸು ಮಾತಾಡಲಿಲ್ಲ. ಅದೇ ನಮ್ಮನ್ನು ಹೆಚ್ಚು ಚುಚ್ಚುತ್ತಿತ್ತು. 2005ರ ಕ್ಷಮಾವಣಿಯ ದಿನ ನಾವೇ ಅವರ ಮನೆಗೆ ಹೋಗಿ ಕೈಮುಗಿದು, ಹೋದ ವರ್ಷದ ಆ ಮಾತಿಗೆ ಕ್ಷಮೆ ಬೇಡಿದೆವು. ಆದ ಹಾನಿಯಲ್ಲಿ ಪಾಲು ಕೊಡುತ್ತೇವೆಂದರೆ ಒಪ್ಪಲಿಲ್ಲ. "ನಿಮ್ಮ ತಪ್ಪು ಅರ್ಧಾ, ನನ್ನದು ಅರ್ಧಾ. ಅಲ್ಲಿ ಮತಾ ಹಾಕೂದು ಮುಗದೈತೇನು ಅಂತ ನಾನೂ ಒಂದು ಮಾತು ಕೇಳಬೇಕಾಗಿತ್ತಲ್ರೀ" ಎಂದರು. ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಮಾತಾಡದೆ ಒಳಗೆ ಹೋಗಿ, ನಮಗೆ ಬೆಲ್ಲ ನೀರು ತಂದುಕೊಟ್ಟರು.

ತಂದೆಯವರು ಈಗಿಲ್ಲ. ಮುಂದಿನ ಸಲ ಚುನಾವಣೆಯ ದಿನ ನಿಮ್ಮ ಮನೆಯ ಫೋನು ನಸುಕಿನಲ್ಲಿ ಸದ್ದು ಮಾಡಿದರೆ, ಅವರು ಕೇಳಿದ ಆ ಒಂದು ಪ್ರಶ್ನೆಯನ್ನು ನೀವೂ ಕೇಳಿರಿ. ಆಮೇಲೆ ಬಸದಿಗೆ ಹೋಗಿ ಬನ್ನಿರಿ. ಅಷ್ಟರಲ್ಲಿ ಎಣಿಕೆ ನಡೆದಿರುತ್ತದೆ.

ಜಯ ಜಿನೇಂದ್ರ.